ಎರಡನೇ ಗೇರು

ನಮ್ಮತ್ತಿಗೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಅಂದರೆ ಅವರ ಆಯುಷ್ಯದ ಮುಕ್ಕಾಲು ಪಾಲು ಕಳೆದದ್ದು ಪಕ್ಕದ ಸೀಟಿನಲ್ಲಿ. ಆ ಕಾರುಗಳಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಗೋಡೆಯ ಕಡೆಗೋ ಹಾಲಿನ ವ್ಯಾನಿನ ಕಡೆಗೋ ನೆಟ್ಟಗೆ ಹೊರಟಾಗ ಅತ್ತಿಗೆ ಅದನ್ನು ಒತ್ತಿ ಎಲ್ಲರ ಜೀವ ಉಳಿಸುತ್ತಾರೆ. ಸಂಜೆ ಮನೆಗೆ ಬಂದು, ನೋಯುವ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತುಬಿಡುತ್ತಾರೆ. ಇಂಥವರು ಐವತ್ತರ ಹತ್ತಿರ ಬಂದಾಗ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಬೇಕು ಅಂದರೆ ಮನೆಯಲ್ಲಿ ಏನಾಗಬೇಕೋ ಅದೇ ಆಯಿತು.

ನಮ್ಮಣ್ಣ ಮೂಗು ಮುರಿದ. ಅವನು ಔಷಧಿ ಗೋದಾಮಿನಲ್ಲಿ ಸ್ಟೋರ್ ಕೀಪರ್. ಅವಧಿ ಮುಗಿದ ಮಾಲು ಹುಡುಕಿ ಹುಡುಕಿ ಯಾವುದನ್ನೂ ನಂಬದ ಸ್ವಭಾವ ಬಂದುಬಿಟ್ಟಿದೆ.

"ಹಳೇ ಸ್ಪೋರ್ಟ್ಸ್ ಕಾರು ಅಂದ್ರೆ ಯಾರೋ ಹಿಂಡಿ ಬಿಸಾಕಿದ್ದು. ನಡುರಸ್ತೇಲಿ ಕೈ ಕೊಟ್ರೆ ತಳ್ಳೋರ್ಯಾರು, ನಾನಾ?"

ತಿಂಗಳುಗಟ್ಟಲೆ ಇದೇ ರಾಮಾಯಣ. ಕೊನೆಗೊಂದು ದಿನ ಅತ್ತಿಗೆ ನನ್ನೆದುರಿಗೇ ಮಾತು ಕೊಟ್ಟರು. "ಮೂರು ಗಾಡಿ ನೋಡ್ತೀನಿ ರೀ. ಮೂರರಲ್ಲೂ ದೋಷ ಕಂಡ್ರೆ ಬಿಟ್ಬಿಡ್ತೀನಿ. ಆಮೇಲೆ ಈ ಜನ್ಮದಲ್ಲಿ ಈ ಮಾತು ಎತ್ತಲ್ಲ." ಅಣ್ಣ ತಕ್ಷಣ ಒಪ್ಪಿಕೊಂಡ. ಅವನು ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು.

ಮೊದಲನೆಯ ಕಾರು ನೋಡಲು ಚಂದವಿತ್ತು. ಆದರೆ ಅದರ ಒಂದು ಕನ್ನಡಿ ಒಡೆದರೂ ಹೊಸದು ಹಡಗಿನಲ್ಲಿ ಬರಬೇಕಿತ್ತು. ಎರಡನೆಯದಕ್ಕೆ ಯಾರೋ ಮಹಾನುಭಾವರು ಸ್ಪ್ರಿಂಗ್ ಕತ್ತರಿಸಿ ಕಾರನ್ನು ಇನ್ನಷ್ಟು ತಗ್ಗಿಸಿದ್ದರು. ಟೈರುಗಳು ಒಳಬದಿಯಲ್ಲೇ ಸವೆದು ಹೋಗಿದ್ದವು. ಎರಡರಲ್ಲೂ ದೋಷ ಹಿಡಿದವರು ಅತ್ತಿಗೆಯೇ. ಬೇಡ ಎಂದವರೂ ಅವರೇ.

ಉಳಿದದ್ದು ಮೂರನೆಯದು. ಅದು ಕನ್ನಡಕದ ಅಂಗಡಿಯವರೊಬ್ಬರದು. ಮಂಡಿ ನೋವಿಗೆ ಅಷ್ಟು ತಗ್ಗಿನ ಸೀಟಿಗೆ ಇಳಿಯಲಾಗದೆ ಮಾರುತ್ತಿದ್ದರು. ಒಬ್ಬರೇ ಮಾಲೀಕರು, ಮಾಮೂಲಿ ಕಾರಿಗೆ ಹಾಕುವ ಎಂಜಿನ್ನೇ ಇದಕ್ಕೂ, ಬಿಡಿಭಾಗ ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು, ಬೆಲೆಯೂ ಅತ್ತಿಗೆಯ ಕೈಗೆ ಎಟುಕುವಷ್ಟೇ. ಅತ್ತಿಗೆ ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿದರು. ಮೊದಲೇ ಬಿಸಿಮಾಡಿಟ್ಟ ಎಂಜಿನ್ ತನ್ನ ರೋಗ ತೋರಿಸುವುದಿಲ್ಲವಂತೆ. ತಣ್ಣಗಿತ್ತು. ಕೀ ತಿರುಗಿಸಿದೊಡನೆ ಸ್ಟಾರ್ಟ್ ಆಯಿತು, ಹೊಗೆಯಿಲ್ಲ. ಟಾರ್ಚ್ ಹಿಡಿದು ನೆಲಕ್ಕೆ ಒರಗಿ ಅಡಿಭಾಗವನ್ನೆಲ್ಲ ನೋಡಿದರು. ತುಕ್ಕಿಲ್ಲ, ಎಣ್ಣೆ ಜಿನುಗಿಲ್ಲ. ಸೀರೆ ಕೊಡವಿಕೊಂಡು ಎದ್ದಾಗ ಅವರ ಮುಖ ಬಿಳಿಚಿತ್ತು. ಕನ್ನಡಕದವರ ಮನೆಯ ಗೇಟಿನ ಹತ್ತಿರ ನನ್ನ ಪಕ್ಕ ಕೈಕಟ್ಟಿ ನಿಂತಿದ್ದ ಅಣ್ಣನ ಮುಖವೂ ಸಪ್ಪಗಾಗಿತ್ತು.

ಆಗಲೇ ಕನ್ನಡಕದವರಿಗೆ ಯಾರದೋ ಫೋನ್ ಬಂತು. ಮಾತಾಡಿ ಮುಗಿಸಿ ಅವರು ಸಂಕೋಚದಿಂದ ಹೇಳಿದರು. "ಇನ್ನೊಬ್ರು ನೋಡೋಕೆ ಹೊರಟಿದ್ದಾರಂತೆ ಮೇಡಂ. ಬಂದ್ರೆ ತಗೊಂಡೇ ಹೋಗ್ತಾರೆ. ನೀವು ಒಂದು ರೌಂಡ್ ಹೋಗಿ ಬಂದು ಹೇಳ್ಬಿಡಿ."

"ಮೊದಲು ನೀವು ಓಡಿಸಿ. ನಾನು ಪಕ್ಕದಲ್ಲಿ ಕೂರ್ತೀನಿ" ಅಂದರು ಅತ್ತಿಗೆ.

ಮುಂದೆ ಆದದ್ದೆಲ್ಲ ಅವರು ಆಮೇಲೆ ನನಗೆ ಹೇಳಿದ್ದು. ಅತ್ತಿಗೆ ಪಕ್ಕದ ಸೀಟಿನಲ್ಲಿ ಕೂತರೆ ರಸ್ತೆ ನೋಡುವುದಿಲ್ಲ, ಓಡಿಸುವವರ ಕೈ ನೋಡುತ್ತಾರೆ. ಅದು ಅವರಿಗೆ ಅಂಟಿದ ರೋಗ. ಕನ್ನಡಕದವರ ಕೈ ಒಂದನೇ ಗೇರಿನಿಂದ ನೇರ ಮೂರಕ್ಕೆ ಹೋಗುತ್ತಿತ್ತು. ಸಿಗ್ನಲ್ ಬಿಟ್ಟಾಗಲೂ ಹಾಗೇ, ತಿರುವಿನಲ್ಲೂ ಹಾಗೇ. ಕೇಳೋಣ ಅನ್ನುವಷ್ಟರಲ್ಲಿ ಏರು ರಸ್ತೆ ಬಂತು. ಮುಂದೆ ಜಲ್ಲಿ ತುಂಬಿದ ಲಾರಿ ತೆವಳುತ್ತಿತ್ತು.

ಕನ್ನಡಕದವರು ಅದನ್ನು ದಾಟಲು ಹೊರಟರು, ಮೂರನೇ ಗೇರಿನಲ್ಲೇ. ಕಾರು ಗೊರ್ ಎಂದಿತು, ಎಳೆಯಲಿಲ್ಲ. ಲಾರಿಯ ಪಕ್ಕಕ್ಕೆ ಬಂದು ಅಲ್ಲೇ ನೇತುಬಿದ್ದಂತಾಯಿತು. ಮೇಲಿನಿಂದ ಬಸ್ಸು ಇಳಿಯುತ್ತಿತ್ತು. ಅತ್ತಿಗೆಯ ಕಾಲು ತಾನಾಗಿಯೇ ಮ್ಯಾಟನ್ನು ಬಲವಾಗಿ ತುಳಿಯಿತು. ಅಲ್ಲಿ ಬ್ರೇಕ್ ಎಲ್ಲಿರಬೇಕು? ಇಷ್ಟು ವರ್ಷದಲ್ಲಿ ಅವರ ಕಾಲಿಗೆ ಮೊದಲ ಸಲ ಏನೂ ಸಿಗಲಿಲ್ಲ. ಬಸ್ಸಿನವನು ಹಾರ್ನ್ ಒತ್ತಿ ಹಿಡಿದು ರಸ್ತೆಯಂಚಿಗೆ ಸರಿದ. ಲಾರಿಯವನು ನಿಧಾನ ಮಾಡಿದ. ಕೂದಲೆಳೆಯಲ್ಲಿ ತೂರಿಕೊಂಡು ಹೋಗಿ ಕನ್ನಡಕದವರು ಬದಿಗೆ ನಿಲ್ಲಿಸಿದರು.

"ನೀವು ಎರಡನೇ ಗೇರ್ ಹಾಕೋದೇ ಇಲ್ಲ" ಅಂದರು ಅತ್ತಿಗೆ.

"ಹಾಕ್ತೀನಲ್ಲ ಮೇಡಂ."

"ಮನೆಯಿಂದ ನೋಡ್ಕೊಂಡೇ ಬಂದಿದ್ದೀನಿ. ಈಗ ಹಾಕಿ ನೋಡೋಣ."

ಅವರು ಕಾರನ್ನು ಹೊರಡಿಸಿ ಎರಡಕ್ಕೆ ಎಳೆದರು. ಕರಕರ ಸದ್ದು ಮಾಡಿ ಗೇರು ಕೂರದೆ ಹೊರಗೇ ಉಳಿಯಿತು. ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಸುಳ್ಳು ಹೇಳುವವರಲ್ಲ ಅವರು. ಕಾರು ಎಂದಿನಿಂದಲೋ ತಕರಾರು ಮಾಡುತ್ತಿತ್ತು. ಅವರ ಕೈ ಅದಕ್ಕೆ ಹೊಂದಿಕೊಂಡಿತ್ತು, ಅವರಿಗೇ ತಿಳಿದಿರಲಿಲ್ಲ. ಈ ವಿಷಯ ಮುಂದೆ ಬರುವವರಿಗೂ ಹೇಳಬೇಕಲ್ಲ ಎಂದು ಗೊಣಗಿಕೊಂಡರು.

ವಾಪಸ್ ಬರುವಾಗ ಅತ್ತಿಗೆ ಸ್ಟೀರಿಂಗ್ ಹಿಡಿದರು. ರಸ್ತೆ ಖಾಲಿಯಿತ್ತು. ಸ್ವಲ್ಪ ದೂರ ಬಂದ ಮೇಲೆ ಕನ್ನಡಕದವರು ಮೆಲ್ಲಗೆ ಕೇಳಿದರು. "ತಪ್ಪು ತಿಳ್ಕೋಬೇಡಿ. ಎದುರಿಗೆ ಯಾರೂ ಇಲ್ಲ, ಹಿಂದೇನೂ ಯಾರೂ ಇಲ್ಲ. ಬ್ರೇಕ್ ಯಾಕೆ ಒತ್ತಾ ಇದೀರಿ ಮೇಡಂ?"

ಅತ್ತಿಗೆ ಕಾಲು ನೋಡಿಕೊಂಡರು. ಹೌದು, ಒತ್ತುತ್ತಿದ್ದರು.

ನಾನೂ ಅಣ್ಣನೂ ಗೇಟಿನಲ್ಲೇ ನಿಂತಿದ್ದೆವು. ಇಬ್ಬರೂ ಇಳಿದ ರೀತಿ ನೋಡಿಯೇ ಏನೋ ಆಗಿದೆ ಎಂದು ನನಗೆ ಗೊತ್ತಾಯಿತು.

"ಹೇಗಿದೆ?" ಎಂದ ಅಣ್ಣ.

"ಎರಡನೇ ಗೇರ್ ಹೋಗಿದೆ."

ಅಣ್ಣನ ಮುಖ ಅರಳಿತು. ಪಾಪ, ಮುಚ್ಚಿಕೊಳ್ಳಲು ನೋಡಿದ, ಆಗಲಿಲ್ಲ. "ಹೋಗ್ಲಿ ಬಿಡು. ಮೂರೂ ಆಯ್ತಲ್ಲ. ನಡಿ, ಮನೆಗೆ ಹೋಗೋಣ."

ಅತ್ತಿಗೆ ಕದಲಲಿಲ್ಲ.

"ಗೇರ್ ಕೆಟ್ಟಿದೆ ಅಂತ ಗೊತ್ತಾದ ತಕ್ಷಣ ನನಗೂ ಹೀಗೇ ಖುಷಿಯಾಯ್ತು ರೀ. ಸದ್ಯ, ತಪ್ಪಿಸ್ಕೊಂಡೆ ಅಂತ. ಮೊದಲಿನ ಎರಡು ಗಾಡಿ ನೋಡ್ದಾಗ್ಲೂ ಹೀಗೇ ಆಗಿತ್ತು. ನಾನು ಗಾಡಿ ಆರಿಸೋಕೆ ಹೋಗ್ತಾನೇ ಇರ್ಲಿಲ್ಲ. ಬೇಡ ಅನ್ನೋಕೆ ಕಾರಣ ಹುಡುಕ್ತಿದ್ದೆ. ನನಗೆ ಹೆದರಿಕೆ ರೀ. ನಿಮ್ಮದಲ್ಲ, ರಸ್ತೇದು."

"ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ. ಈಗ ತಪ್ತಾ ಇದೀನಿ."

ಹಾಗೆಂದು ಅತ್ತಿಗೆ ಕನ್ನಡಕದವರ ಕಡೆ ತಿರುಗಿದರು. "ಗೇರ್ ಸರಿ ಮಾಡಿಸಿ ಕೊಡಿ ಸರ್. ನಾನು ಮೆಕ್ಯಾನಿಕ್ ಕರ್ಕೊಂಡು ಬಂದು ನೋಡ್ತೀನಿ. ಉಳಿದದ್ದೆಲ್ಲ ಗಟ್ಟಿಯಾಗಿದೆ. ತಗೋತೀನಿ." ಅವರು ತಲೆಯಾಡಿಸಿ, ಬರುತ್ತಿದ್ದವರಿಗೆ ಬರಬೇಡಿ ಎಂದು ಫೋನ್ ಮಾಡಿದರು.

ನನಗೆ ಅತ್ತಿಗೆಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅಣ್ಣನ ಮುಖ ನೋಡಿ ಸುಮ್ಮನಾದೆ. ಈ ಸಂಸಾರದಲ್ಲಿ ಅತ್ತಿಗೆ ಆಡಿದ ಮಾತಿಗೆ ತಪ್ಪಿದ್ದನ್ನು ಅವನು ಕಂಡೇ ಇರಲಿಲ್ಲ.

ಬಸ್ಸಿನಲ್ಲಿ ಅವನು ನಮ್ಮನ್ನು ಬಿಟ್ಟು ಮುಂದಿನ ಸೀಟಿಗೆ ಹೋಗಿ ಕೂತ. ಅತ್ತಿಗೆ ನನ್ನ ಪಕ್ಕ ಕೂತರು.

"ಮಾತಾಡ್ತಾರಾ?" ಎಂದು ಪಿಸುಗುಟ್ಟಿದರು.

"ಇವತ್ತಂತೂ ಇಲ್ಲ ಅತ್ತಿಗೆ."

"ಇಲ್ದಿದ್ರೆ ಇಲ್ಲ" ಅಂದರು. ಆದರೆ ನಮ್ಮ ಸ್ಟಾಪು ಬರುವವರೆಗೂ ಅವರ ಕಣ್ಣು ಅಣ್ಣನ ಬೆನ್ನ ಮೇಲೇ ಇತ್ತು. ಅವನು ತಿರುಗಿ ನೋಡಲಿಲ್ಲ.