ಗವಿಯಮ್ಮನವರ ಕತ್ತಲಿನ ಐದು ನಿಮಿಷ

ವಿದ್ವಾಂಸರ ಸಂಶೋಧನೆ ಬೆಳಕಿಗೆ ಬಂತು ಎಂದು ಬರೆಯುವುದು ಅಭಿನಂದನ ಗ್ರಂಥಗಳ ವಾಡಿಕೆ. ನಮ್ಮ ಮೇಡಂ ಅವರ ವಿಷಯದಲ್ಲಿ ಹಾಗೆ ಬರೆದರೆ ಅಪಚಾರವಾದೀತು. ಬೆಳಕನ್ನೇ ಕಾಣದ ಜೀವಿಗಳಿಗಾಗಿ ಅವರು ಮೂವತ್ತನಾಲ್ಕು ವರ್ಷ ಕತ್ತಲಿಗಿಳಿದವರು. ಅಂತರ್ಜಲದ ಪ್ರಾಣಿಗಳ ಅಧ್ಯಯನದಲ್ಲಿ ಅವರದು ಹಿರಿಯ ಹೆಸರು. ಬೆನ್ನ ಹಿಂದೆ ವಿದ್ಯಾರ್ಥಿಗಳು ಇಟ್ಟ ಹೆಸರು ಗವಿಯಮ್ಮ. ಅದು ಅವರಿಗೆ ಗೊತ್ತಿತ್ತೆಂಬುದು ನಮಗೆ ಬಹಳ ತಡವಾಗಿ ಗೊತ್ತಾಯಿತು.

ಊರಂಚಿನ ಸುಣ್ಣಕಲ್ಲಿನ ಗವಿಯೊಳಗಿನ ಕೊಳವೇ ಅವರ ನಿಜವಾದ ಪ್ರಯೋಗಾಲಯ. ತಿಂಗಳಿಗೊಮ್ಮೆ ಅಲ್ಲಿಗಿಳಿದು, ಕಣ್ಣಿಲ್ಲದ, ಉಗುರುದ್ದದ ಬಿಳಿ ಸೀಗಡಿಗಳನ್ನು ಎಣಿಸಬೇಕು. ಎಣಿಕೆಗೆ ಮುನ್ನ ಐದು ನಿಮಿಷ ತಲೆದೀಪ ಆರಿಸಿ ಸುಮ್ಮನೆ ಕೂರುವುದು ಅವರ ಕಟ್ಟಳೆ. “ದೀಪ ಆರಿಸ್ರಪ್ಪ. ಬೇರೆಯವರ ಮನೆಗೆ ಬಂದಿದೀವಿ, ಅವರ ಥರ ಕೂತ್ಕೊಳ್ಳಿ.” ಆ ಮಾತನ್ನು ನಾನು ಮೂಗಿನಲ್ಲಿ ಎಳೆದು, ಅವರಂತೆಯೇ ನುಡಿದು, ಗೆಳೆಯರನ್ನು ನಗಿಸುತ್ತಿದ್ದೆ. ಒಮ್ಮೆ ಕತ್ತಲಲ್ಲಿ ಹಾಗೆ ಅಣಕಿಸುವಾಗ ಅವರು ಪಕ್ಕದಲ್ಲೇ ಕೂತಿದ್ದರು. “ಮೂಗು ಸ್ವಲ್ಪ ಜಾಸ್ತಿಯಾಯ್ತು ಕಣೋ” ಎಂದರು, ಅಷ್ಟೆ.

ನನ್ನ ಸಂಶೋಧನೆಯ ಎರಡನೆಯ ವರ್ಷ, ಒಂಬತ್ತೋ ಹತ್ತೋ ಸಿಗುತ್ತಿದ್ದ ಸೀಗಡಿಗಳು ಇದ್ದಕ್ಕಿದ್ದಂತೆ ಮೂವತ್ತೊಂದಾದವು. ನಾನು ಕುಣಿದಾಡಿ, ‘ಕೊಳ ಸಮೃದ್ಧವಾಗಿದೆ’ ಎಂದು ವರದಿ ಬರೆದು, ಅವರು ಊರಿಗೆ ಮರಳುವ ಮೊದಲೇ ನಗರಸಭೆಗೆ ಕಳಿಸಿಯೂಬಿಟ್ಟೆ. ಬಂದವರು ನಾನು ಕೊಳದಿಂದ ತಂದಿದ್ದ ಬಾಟಲಿಯ ನೀರನ್ನು ಮೂಸಿದರು. “ವರ್ಷಗಟ್ಟಲೆ ಅರೆಹೊಟ್ಟೇಲಿದ್ದೋರ ಮನೇಲಿ ಏಕಾಏಕಿ ಊಟ ಎಲ್ಲಿಂದ ಬಂತೋ?” ಬಂದದ್ದು ಮೇಲಿನ ಹೊಸ ಬಡಾವಣೆಯ ಪಾಯಿಖಾನೆ ಗುಂಡಿಗಳಿಂದ, ಬಂಡೆಯ ಬಿರುಕುಗಳ ಮೂಲಕ; ಆಳದಲ್ಲಿದ್ದ ಸೀಗಡಿಗಳೂ ಅದಕ್ಕಾಗಿಯೇ ಕೊಳಕ್ಕೆ ಬಂದು ನೆರೆದಿದ್ದವು. ಆ ಊಟದ ಜಾಡು ಹಿಡಿದು ಹೊರಗಿನ ಕೆಂಪು ಹುಳುಗಳೂ ಬಂದವು. ಅವುಗಳ ಪೈಪೋಟಿಯಲ್ಲಿ ಎರಡೇ ವರ್ಷದಲ್ಲಿ ಬಿಳಿಯವು ಒಂದೂ ಉಳಿಯಲಿಲ್ಲ.

ಒಳಚರಂಡಿ ಬೇಕೆಂದು ಕೇಳಲು ಹೋದಾಗ ನಗರಸಭೆಯ ಎಂಜಿನಿಯರು ನನ್ನ ವರದಿಯನ್ನೇ ಮೇಜಿನ ಮೇಲಿಟ್ಟರು. “ಸಮೃದ್ಧವಾಗಿದೆ ಅಂತ ನೀವೇ ಬರೆದಿದೀರಲ್ಲ ಮೇಡಂ?”

“ಬರೆದಿದ್ದು ನಮ್ಮ ತಪ್ಪು. ಓದಿ ಸುಮ್ಮನೆ ಕೂತರೆ ನಿಮ್ಮದು” ಎಂದರು ಮೇಡಂ, ಬಾಟಲಿಯ ಮುಚ್ಚಳ ತೆಗೆದು ಅವರ ಮೂಗಿನ ಬಳಿ ಹಿಡಿದು. “ನಿಮ್ಮ ಬಾವಿಗೂ ಇದೇ ನೀರು ಸಾರ್.”

ಆ ‘ನಮ್ಮ’ದೊಳಗೆ ನಾನು ಇಂದಿಗೂ ಅಡಗಿ ಕೂತಿದ್ದೇನೆ.

ಆರು ವರ್ಷ ಅಲೆದ ಮೇಲೆ ಒಳಚರಂಡಿಯ ಕೊಳವೆ ಬಂತು. ನೀರು ತಿಳಿಯಾಯಿತು, ಕೆಂಪು ಹುಳುಗಳು ಕಡಿಮೆಯಾದವು. ಬಿಳಿ ಸೀಗಡಿಗಳು ಮಾತ್ರ ಮರಳಲಿಲ್ಲ. ಬಂಡೆಯ ಆಳದಲ್ಲೆಲ್ಲೋ ನಾಲ್ಕಾರು ಉಳಿದಿದ್ದಾವು ಎಂಬ ನಂಬಿಕೆಯಿಂದ ಮೇಡಂ ಮುಂದೆ ಹನ್ನೊಂದು ವರ್ಷ, ತಿಂಗಳು ತಪ್ಪದೆ ಇಳಿದು, ದೀಪ ಆರಿಸಿ ಕೂತು, ಎದ್ದು, ಸೊನ್ನೆ ಬರೆದರು. ಕೊನೆಯ ಸಲ ಮಂಡಿ ಹಿಡಿದುಕೊಂಡು ಮೇಲೆ ಹತ್ತುತ್ತಾ, “ಅವಕ್ಕೆ ಅವಸರ ಇಲ್ಲ ಕಣೋ, ನನಗೆ ನಿವೃತ್ತಿ ಬಂತು” ಎಂದು ನಕ್ಕರು.

ಕಳೆದ ತಿಂಗಳು ಅವರಿಲ್ಲದೆ ಹೊಸ ವಿದ್ಯಾರ್ಥಿಗಳೊಡನೆ ಇಳಿದೆ. “ದೀಪ ಆರಿಸ್ರಪ್ಪ” ಎಂದೆ. ಅಣಕಿಸಬೇಕೆಂದಿರಲಿಲ್ಲ, ದನಿ ತಾನಾಗಿ ಅವರದೇ ಬಂತು. ಯಾರೂ ನಗಲಿಲ್ಲ. ಮೂಗು ಜಾಸ್ತಿಯಾಯಿತೆಂದು ಪಕ್ಕದಿಂದ ಯಾರಾದರೂ ಹೇಳಲಿ ಎಂದು ಐದು ನಿಮಿಷವೂ ಕಾದೆ. ಆಮೇಲೆ ಎಣಿಸಿ, ಸೊನ್ನೆ ಬರೆದೆ.

ಆ ಸೀಗಡಿಗಳು ನಿಧಾನವಾಗಿ ಬೆಳೆಯುತ್ತವೆ, ಅಪರೂಪಕ್ಕೆ ಮೊಟ್ಟೆಯಿಡುತ್ತವೆ, ಬಹುಕಾಲ ಬಾಳುತ್ತವೆ. ಮೇಡಂ, ನಿಮಗೂ ಅವುಗಳ ಆಯುಸ್ಸೇ ದೊರೆಯಲಿ. ಎಣಿಕೆಯ ಪುಸ್ತಕದಲ್ಲಿ ಒಂದು ಎಂದು ಬರೆಯುವ ತಿಂಗಳು ಬಂದರೆ ನಾನು ಬರೆಯುವುದಿಲ್ಲ; ನಿಮ್ಮ ಮನೆಗೆ ಬಂದು ಪೆನ್ನು ಕೊಡುತ್ತೇನೆ.