ಅರ್ಜಿಗೆ ಹಾಕಿಸಿದ ಪುಟಸಂಖ್ಯೆ

ಗೆಳೆಯರೇ, ತೆಲಂಗಾಣದ ಗಡಿಯಲ್ಲಿರುವ ನಮ್ಮೂರ ಕನ್ನಡ ಶಾಲೆಗೆ ಮಾಸ್ತರರು ಬೇಕೆಂದು ಬರೆದ ಅರ್ಜಿಯನ್ನು ನಾರಾಯಣಪೇಟೆಯ ಶಿಕ್ಷಣ ಕಚೇರಿಯ ಗುಮಾಸ್ತರು ಪುಟಸಂಖ್ಯೆ ಇಲ್ಲವೆಂದು ಹಿಂದಿರುಗಿಸಿದ್ದರು. ಇವತ್ತು ಮಕ್ತಲ್‌ನ ಟೈಪಿಂಗ್ ಅಂಗಡಿಯಲ್ಲಿ ಕೂತು, ಫಾಂಟ್ ಬದಲಿಸಿ, ಪ್ರತಿ ಪುಟದ ಕೆಳಗೆ ದಪ್ಪಗೆ ಕನ್ನಡ ಅಂಕಿಗಳನ್ನೇ ಹಾಕಿಸಿದೆ. “ಇಂಗ್ಲಿಷ್ ಅಂಕಿ ಸಾಕಲ್ಲೇನ್ರಿ?” ಎಂದ ಅಂಗಡಿಯವನಿಗೆ ಭಾಷೆಯ ಹಕ್ಕಿನ ಬಗ್ಗೆ ಅರ್ಧ ಗಂಟೆ ಹೇಳಿದೆ.

ಅಲ್ಲಿಂದ ಸೋದರಮಾವನೊಡನೆ ನೇರ ಕಚೇರಿಗೆ ಹೋದೆ. ಗುಮಾಸ್ತರು ಪುಟ ತಿರುವಿ ಹಿಗ್ಗಿದರು. “ಭಲೇ ತಮ್ಮಾ. ತೆಲಂಗಾಣ ರಾಜ್ಯ ಬಂದ ಮ್ಯಾಲೆ ತೆಲುಗು ಅಂಕಿ ಹಾಕಿ ಅರ್ಜಿ ತಂದಾಂವ ನೀ ಒಬ್ಬನ ನೋಡು.”

ಕನ್ನಡ, ತೆಲುಗು ಎರಡೂ ಲಿಪಿಯ ಅಂಕಿಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆಂಬುದು ನನಗೆ ಮರೆತೇ ಹೋಗಿತ್ತು. ತಿದ್ದಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಸೋದರಮಾವ ಕಾಲು ತುಳಿದರು. “ಸುಮ್ಕಿರೋ, ಮೊದಲ ಶಿಕ್ಕಾ ಬೀಳಲಿ.”

ಅರ್ಜಿಗೆ ಮುದ್ರೆ ಬಿತ್ತು. ಗುಮಾಸ್ತರಿಗೆ ಮಾಡಬೇಕಿದ್ದ ಭಾಷಣವನ್ನು ಮಾಸ್ತರರು ಹಾಜರಾದ ಮರುದಿನಕ್ಕೆ ಮುಂದೂಡಲಾಗಿದೆ.