ಒದ್ದೆ ಕಂಬಳಿಯಲ್ಲಿ ಚಿಲಿಯ ವೈನ್

ಬಳ್ಳಿಗಾವಿಯಿಂದ ಹೊರಟ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ, ಬಸ್ಸು ಬಂದದ್ದು ಮೊದಲು ಕಿವಿಗೆ ಗೊತ್ತಾಯಿತು. ಮಡಿಲಲ್ಲಿ ಒದ್ದೆ ಕಂಬಳಿ ಸುತ್ತಿದ ಬಾಟಲಿ. ಒಳಗೆ ಚಿಲಿ ಎಂಬ ದೇಶದ ಬಿಳಿ ವೈನ್. ಹಡಗಿನಲ್ಲಿ ಅಡುಗೆ ಮಾಡುವ ನನ್ನ ತಮ್ಮ ಹನುಮಂತ ಹಿಂದಿನ ರಜೆಯಲ್ಲಿ ಕೊಟ್ಟದ್ದು. "ತಣ್ಣಗೆ ಕುಡೀಬೇಕಕ್ಕ, ಮೀನಿನ ಜೊತಿ. ಕುರಿ ಸಾರಿಗೆ ಬ್ಯಾಡ, ಖಾರ ಇದನ್ನ ಕೊಲ್ತೈತಿ" ಅಂದಿದ್ದ. ನೀರಿನ ಕೊಡದ ಕೆಳಗೆ, ಮರಳಲ್ಲಿ ಹುಗಿದಿಟ್ಟಿದ್ದೆ.

ಈ ಸಲ ರಜೆಗೆ ಬಂದವನಿಗೆ ಜ್ವರ ಹತ್ತಿ ಮೂಗು ಸತ್ತುಹೋಯಿತು. ವಾಸನೆಯಿಲ್ಲ, ರುಚಿಯಿಲ್ಲ. ಅಡುಗೆಯವನ ಮೂಗು ಹೋದರೆ ಉಳಿಯುವುದೇನು? ಮುಂದಿನ ವಾರ ಹಡಗು ಹತ್ತಬೇಕು. ಕುಪ್ಪಗಡ್ಡೆಯ ತನ್ನ ಮನೆಯಿಂದ ಹೇಳಿ ಕಳಿಸಿದ್ದ: ಆ ಬಾಟಲಿ ತಾ, ಅದರ ವಾಸನೆಯೂ ಬರದಿದ್ದರೆ ಕೆಲಸ ಬಿಟ್ಟೆ ಅಂತ.

ಸಿರಾಳಕೊಪ್ಪದಲ್ಲಿ ಸೊರಬದ ಬಸ್ಸು ಹಿಡಿದೆ. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು.

"ಏನ್ರೀ ಅಜ್ಜಿ, ಕುರಿಮರಿ ಇಟ್ಕಂಡೀರೇನು?"

"ಕಂಬಳಿ. ನಮ್ಮ ಕುರೀದೇ."

"ಒಣಗಿಸಬಾರ್ದಿತ್ತೇನ್ರೀ?"

"ಒದ್ದೆ ಇದ್ರೇ ತಣ್ಣಗಿರೋದು."

ಅವಳು ಎದ್ದು ಹಿಂದಕ್ಕೆ ಹೋದಳು. ಒಳ್ಳೆಯದೇ ಆಯಿತು, ಕಿಟಕಿ ನನಗೆ ಸಿಕ್ಕಿತು.

ಗಾಳಿ ತಾಗಲೆಂದು ಬಾಟಲಿಯನ್ನು ಕಿಟಕಿಯ ಕಂಬಿಗೆ ಒರಗಿಸಿ ಹಿಡಿದೆ. ಹೊರಗೆ ಗದ್ದೆ ಯಾವುದು, ಕೆರೆ ಯಾವುದು ತಿಳಿಯದು. ಒಂದು ಕೊಕ್ಕರೆ ಮಂಜಿನಿಂದ ಬಿಡಿಸಿಕೊಂಡು ಹಾರಿತು, ಮತ್ತೆ ಮಂಜೇ ಆಯಿತು. ಸಮುದ್ರವನ್ನು ನಾನು ಕಂಡಿಲ್ಲ. ಆದರೂ ಕಣ್ಣು ಮುಚ್ಚಿದರೆ ಬಸ್ಸು ತೇಲುತ್ತಿತ್ತು, ಬಾಟಲಿಯೊಳಗೆ ಯಾರದೋ ಊರಿನ ಬಿಸಿಲು ಕುಲುಕಾಡುತ್ತಿತ್ತು. ಸೊರಬ ಬಂದದ್ದು ಕಂಡಕ್ಟರ್ ಕೂಗಿದಾಗಲೇ ಗೊತ್ತಾಯಿತು. ಅಲ್ಲಿ ಚಹಾ ಕುಡಿದೆ, ಬರೀ ಸಕ್ಕರೆ ನೀರು. ಹೋಟೆಲಿನವನ ಬಿಂದಿಗೆಯಿಂದ ಕಂಬಳಿಗೆ ಇನ್ನಷ್ಟು ನೀರು ಹಾಕಿಸಿಕೊಂಡು ಕುಪ್ಪಗಡ್ಡೆಗೆ ಹೋದೆ.

ಅವನ ಹೆಂಡತಿ ರತ್ನ ಕೆರೆ ಮೀನಿಗೆ ಉಪ್ಪು, ಕಾಳುಮೆಣಸು, ನಿಂಬೆರಸ ಹಚ್ಚಿ ಕಾವಲಿಯ ಮೇಲೆ ಹುರಿದಿದ್ದಳು. ಪಕ್ಕದಲ್ಲಿ ಸೌತೆಕಾಯಿ ಕೋಸಂಬರಿ. ಖಾರದಪುಡಿ ಮುಟ್ಟಕೂಡದೆಂದು ಗಂಡನ ಅಪ್ಪಣೆ.

ಹನುಮಂತ ಬಿರಡೆ ಕಿತ್ತು ಸ್ಟೀಲ್ ಲೋಟಕ್ಕೆ ಬಗ್ಗಿಸಿದ. ಮೂಗನ್ನು ಲೋಟದೊಳಗೇ ಇಟ್ಟ.

"ನೀರು" ಅಂದ. ಮೀನು ಬಾಯಿಗಿಟ್ಟ. "ಹತ್ತಿ."

ರತ್ನ ಗೋಡೆ ಕಡೆ ತಿರುಗಿ ನಿಂತಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಕಂಬಳಿಯಾದರೂ ಒಣಗಲಿ ಎಂದು ಎತ್ತಿಕೊಂಡು ಅವನ ಮುಂದೆ ಹಾದುಹೋದೆ.

"ಅಕ್ಕಾ, ಅದನ್ನ ಆಚಿಗೆ ಹಾಕೇ. ಮನ್ಯಾಗೆ ಟಗರು ನಿಂತಂಗೈತಿ."

ರತ್ನ ಗೋಡೆಯಿಂದ ಥಟ್ಟನೆ ಇತ್ತ ತಿರುಗಿದಳು. ನಾನು ಕಂಬಳಿಯನ್ನು ಅವನ ಮುಖಕ್ಕೇ ಹಿಡಿದೆ. ಅವನು ಹುಬ್ಬು ಗಂಟಿಕ್ಕಿ ತಳ್ಳಿದ. ಆಮೇಲೆ ಮೆಲ್ಲಗೆ ಲೋಟ ಎತ್ತಿಕೊಂಡ. ಕಣ್ಣು ಮುಚ್ಚಿ ಮೂಸಿದ.

"ಹಸಿ ಹುಲ್ಲು" ಅಂದ. ಸ್ವಲ್ಪ ಬಿಟ್ಟು, "ನಿಂಬೆ ಸಿಪ್ಪೆ." ಒಂದು ತುಂಡು ಮೀನು ತಿಂದು, ಮೇಲೊಂದು ಗುಟುಕು ಕುಡಿದು, "ರತ್ನಾ, ಉಪ್ಪು ಕಮ್ಮಿ."

"ಮೂಗು ಬಂತು, ಹಿಂದೇನೆ ತಕರಾರೂ ಬಂತು" ಅಂದಳು ರತ್ನ, ಕಣ್ಣೊರೆಸಿಕೊಳ್ಳುತ್ತ.

ನಾನೂ ಕುಡಿದೆ. ಮಾವಿನ ಹೀಚು ಕಚ್ಚಿದಷ್ಟು ಹುಳಿ. ಬರಿದೇ ಕುಡಿದರೆ ಅಂಥದ್ದೇನಿಲ್ಲ. ಮೀನಿನ ಮೇಲೆ ಕುಡಿದರೆ ಬಾಯಿ ತೊಳೆದು ಹೊಸದು ಮಾಡಿದ ಹಾಗಾಗುತ್ತದೆ. ಕೋಸಂಬರಿಗೂ ಹೊಂದಿತು.

ಸಂಜೆ ಬಸ್ಸಿನಲ್ಲಿ ಕುಪ್ಪಗಡ್ಡೆಯ ಹೊಗೆ ಹಿಂದಕ್ಕೆ ಸರಿದು ಮಂಜಾಯಿತು. ಪಕ್ಕದ ಗಂಡಸು ಮಡಿಲಿನ ಕಂಬಳಿ ನೋಡಿ ಮೂಗು ಮುಚ್ಚಿಕೊಂಡ. ಒಳ್ಳೆಯ ಮೂಗು ಅಂದುಕೊಂಡೆ. ಕಂಬಳಿ ಸರಿಸಲಿಲ್ಲ.